ಒರೆಸದೇ ಪಾಸ್ ಆದ ಸೋರ್ಸ್

"ಇದನ್ನ ನಾ ಇನ್ನೂ ಮುಟ್ಟೇ ಇಲ್ಲವಾ. ನಿನ್ನ ಕಂಪ್ಯೂಟರ್ ಆಗಲೇ ಪಾಸ್ ಅಂದೈತಲ್ಲ?"

ಡೆಮೋ ನಡೆಯುತ್ತಿತ್ತು. ಡೈರೆಕ್ಟರ್ ಎದುರಿಗೇ ಸರೋಜಾ ಆಂಟಿ ಸ್ಕ್ರೀನಿನ ಮೂರನೇ ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಹೀಗೆ ಕೇಳಿಬಿಟ್ಟರು. ಡೈರೆಕ್ಟರಿಗೆ ಅರ್ಥವಾಗಲಿಲ್ಲ, ನನ್ನ ಪುಣ್ಯ.

ಇದು ಐಟಿ ಬೂಮ್ ಕಾಲದ ಮಾತು. ದಾವಣಗೆರೆಯಿಂದ ಬಂದ ನಾನು ಅಮೆರಿಕದ ಪಿಸ್ಕಾಟವೇ ಅನ್ನುವ ಊರಿನ ಒಂದು ರಿಸರ್ಚ್ ಲ್ಯಾಬಿನಲ್ಲಿ ಕಾಂಟ್ರ್ಯಾಕ್ಟ್ ಪ್ರೋಗ್ರಾಮರ್. ನಾಲ್ಕು ಸಾಲು ಕೋಡ್ ಬರೆದವರೆಲ್ಲ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದ ದಿನಗಳು, ನಾನೇನೂ ಕಮ್ಮಿ ಇರಲಿಲ್ಲ ಬಿಡಿ.

ಆಂಟಿ ಧಾರವಾಡದವರು. ಅದೇ ಲ್ಯಾಬಿನಲ್ಲಿ ರೇಡಿಯೇಷನ್ ಸೇಫ್ಟಿ ಟೆಕ್ನಿಷಿಯನ್. ಅಲ್ಲಿನ ರೇಡಿಯೋಆಕ್ಟಿವ್ ಸೋರ್ಸ್‌ಗಳೆಲ್ಲ ಅವರ ಜವಾಬ್ದಾರಿ, ಒಂದೊಂದೂ ಬೆರಳ ತುದಿಯಷ್ಟು ಗಾತ್ರದ, ಸೀಲ್ ಮಾಡಿದ ಉಕ್ಕಿನ ಕ್ಯಾಪ್ಸೂಲ್.

ಸೀಲ್ ಆಗಿದ್ದರೂ ಆರು ತಿಂಗಳಿಗೊಮ್ಮೆ ಲೀಕ್ ಟೆಸ್ಟ್ ಮಾಡಲೇಬೇಕು, ಅದು ರೂಲು. ಒದ್ದೆ ಮಾಡಿದ ಸಣ್ಣ ಪೇಪರಿನಿಂದ ಒರೆಸಿ, ಆ ಪೇಪರನ್ನು ವಿಕಿರಣ ಎಣಿಸುವ ಕೌಂಟರ್ ಮೆಷಿನ್ನಿಗೆ ಹಾಕಿ ನೋಡುತ್ತಾರೆ. ಮಿತಿಗಿಂತ ಹೆಚ್ಚು ಬಂತೋ, ಸೋರ್ಸನ್ನು ಆಗಿಂದಾಗಲೇ ಎತ್ತಿಡಬೇಕು, ಸರ್ಕಾರಕ್ಕೆ ರಿಪೋರ್ಟ್ ಮಾಡಬೇಕು.

ಆಂಟಿ ಅದನ್ನೆಲ್ಲ ದಪ್ಪನೆಯ ರಿಜಿಸ್ಟರಿನಲ್ಲಿ ಕೈಯಾರೆ ಬರೆಯುತ್ತಿದ್ದರು. ಅದನ್ನು ಕಂಪ್ಯೂಟರಿಗೆ ತರುವುದು ನನ್ನ ಕೆಲಸ.

ಪುಟ ತಿರುಗಿಸಿದಷ್ಟೂ ಬರೀ ಪಾಸ್, ಪಾಸ್, ಪಾಸ್. ನೋಡಿ ನೋಡಿ ನಾನೊಂದು ಜಾಣತನ ಮಾಡಿದೆ... ಟೆಸ್ಟ್ ತಾರೀಖಿನ ದಿನ ಯಾರೂ ಏನೂ ತುಂಬದಿದ್ದರೆ, ಪ್ರೋಗ್ರಾಂ ಹಿಂದಿನ ರಿಸಲ್ಟನ್ನೇ ತಾನಾಗಿ ಹಾಕಿಬಿಡುವ ಹಾಗೆ! ಆಂಟಿಗೆ ಟೈಪ್ ಮಾಡುವ ಕಷ್ಟ ತಪ್ಪಲಿ ಅಂತ ನನ್ನ ಉಪಕಾರ ಬೇರೆ.

ಪ್ರೋಗ್ರಾಂ ಒಂದು ವಾರದಿಂದ ಓಡುತ್ತಿತ್ತು. ಆ ಮೂರನೇ ಸಾಲಿನ ಸೋರ್ಸಿನ ತಾರೀಖು ಎರಡು ದಿನದ ಹಿಂದೆ ಬಂದು ಹೋಗಿತ್ತು. ಆಂಟಿ ಫ್ಲೂ ಬಂದು ಮನೆಯಲ್ಲಿ ಮಲಗಿದ್ದರು, ಬೇರೆಯವರಿಗೆ ಹೇಳಿ ಮಾಡಿಸುವುದನ್ನು ಮರೆತಿದ್ದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಡೆಮೋ ಮುಗಿದದ್ದೇ ತಡ, ಕಾರಿಡಾರಿನಲ್ಲಿ ರೇಗಿದೆ. "ಸೀಲ್ ಆಗಿರೋದು ಎಲ್ಲಿ ಸೋರತ್ತೆ ಆಂಟಿ? ಎರಡು ದಿನ ಲೇಟ್ ಆಗಿದ್ದು ಯಾರಿಗೂ ಗೊತ್ತಾಗಲ್ಲ. ನಿಮಗೇ ಒಳ್ಳೇದಲ್ವಾ?"

ಅವರು ಬೈಯಲಿಲ್ಲ. ನನ್ನ ಕೈಗೆ ಗ್ಲವ್ಸ್ ಕೊಟ್ಟು, "ಬಾ, ನೋಡ್ಬಾ" ಎಂದು ಲ್ಯಾಬಿಗೆ ಕರೆದುಕೊಂಡು ಹೋದರು.

ಅಲ್ಲಿ ಅನಿತಾ ಅನ್ನುವ ಪಿಎಚ್‌ಡಿ ಹುಡುಗಿ ಅದೇ ಸೋರ್ಸ್ ಇಟ್ಟುಕೊಂಡು ಶೀಲ್ಡ್ ಹಿಂದೆ ರೀಡಿಂಗ್ ತೆಗೆಯುತ್ತಿದ್ದಳು. ಆರು ತಿಂಗಳ ಬಸುರಿ. ಆಂಟಿ ಅವಳನ್ನು ದೂರ ನಿಲ್ಲಿಸಿ, ಉದ್ದನೆಯ ಚಿಮಟದಲ್ಲಿ ಪೇಪರ್ ಹಿಡಿದು, ಕ್ಯಾಪ್ಸೂಲ್ ಕೂರುವ ಹೋಲ್ಡರಿನ ಬಾಯಿಯನ್ನು ನಿಧಾನವಾಗಿ ಒರೆಸಿದರು.

ಪೇಪರ್ ಮೆಷಿನ್ನಿಗೆ ಹೋಯಿತು. ಅಂಕಿ ಏರುತ್ತಾ ಹೋಯಿತು... ಮಿತಿ ದಾಟಿತು... ನಿಲ್ಲಲೇ ಇಲ್ಲ.

ಇನ್ನೊಂದು ಪೇಪರ್. ಅದೂ ಹಾಗೇ.

ಅನಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ.

ಇಷ್ಟಾದರೂ ನನ್ನ ತಲೆಯಲ್ಲಿ ಬಂದದ್ದೇನು ಗೊತ್ತೇ? ನಾಚಿಕೆ ಬಿಟ್ಟು ಹೇಳುತ್ತೇನೆ. "ಆಂಟಿ, ಆ ಪಾಸ್ ಎಂಟ್ರಿ ಹಾಗೇ ಇರ್ಲಿ. ಎರಡು ದಿನದ ಹಿಂದೆ ಸರಿ ಇತ್ತು, ಇವತ್ತು ಲೀಕ್ ಆಯ್ತು ಅಂದ್ರಾಯ್ತು. ನೀವೂ ಬಚಾವ್, ನಾನೂ ಬಚಾವ್" ಎಂದು ಪಿಸುಗುಟ್ಟಿದೆ.

ಆಂಟಿ ತಿರುಗಿ ನೋಡಿದರು. ಆ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಪಾಸ್ ಅಂತ ಇದ್ರ, ಸೋರಿದ್ದು ಎಲ್ಲೆಲ್ಲಿ ಹತ್ತೇತಿ ಅಂತ ಎರಡು ದಿನದ್ದಷ್ಟ ಹುಡುಕ್ತಾರವಾ. ಅದಕ್ಕೂ ಮೊದಲ ಸೋರಿದ್ರ? ಈ ಹುಡುಗಿ ಗತಿ ಏನ? ಅಳಸು ಅದನ್ನ."

ಕೂತು ಆ ಎಂಟ್ರಿ ಅಳಿಸಿದೆ.

ಹಾಗಾಗಿ ಹುಡುಕಾಟ ಎರಡು ದಿನಕ್ಕೆ ನಿಲ್ಲಲಿಲ್ಲ, ಹಿಂದಿನ ಆರು ತಿಂಗಳಿಗೆ ಹೋಯಿತು. ಅನಿತಾಳ ಕೈ, ಶೂ, ಬ್ಯಾಗು, ಕಾರು, ಮನೆ, ಎಲ್ಲ ನೋಡಿದರು. ಆಸ್ಪತ್ರೆಯ ಟೆಸ್ಟೂ ಆಯಿತು. ಮೈಯಲ್ಲಿ ಏನೂ ಇಲ್ಲ. ದೇವರು ದೊಡ್ಡವನು ಅಂತ ನಾನು ಉಸಿರು ಬಿಟ್ಟೆ.

ಆಂಟಿ ಮಾತ್ರ ಬಿಡಲಿಲ್ಲ. "ಹೋದ ತಿಂಗಳ ಏನ ಹಾಕ್ಕೊಂತಿದ್ದಿ?" ಎಂದು ಅನಿತಾಳನ್ನು ಕೇಳಿದರು.

ಹಳೆಯ ಲ್ಯಾಬ್ ಕೋಟು. ಹೊಟ್ಟೆ ಬಂದ ಮೇಲೆ ಗುಂಡಿ ಕೂರುತ್ತಿರಲಿಲ್ಲ ಅಂತ ಅನಿತಾ ಅದನ್ನು ಬಿಟ್ಟು ದೊಡ್ಡದೊಂದು ತೆಗೆದುಕೊಂಡಿದ್ದಳು. ಹಳೆಯದು ಲಾಕರಿನಲ್ಲಿತ್ತು. ಆ ವೀಕೆಂಡ್ ಮನೆಗೆ ಒಯ್ದು, ಮಗುವಿಗೆಂದು ತಂದ ಬಟ್ಟೆಗಳ ಜೊತೆಗೇ ವಾಷಿಂಗ್ ಮೆಷಿನ್ನಿಗೆ ಹಾಕಬೇಕು ಅಂತ ಚೀಲಕ್ಕೆ ತುಂಬಿಟ್ಟಿದ್ದಳು.

ಅದರ ಬಲತೋಳಿನ ಹತ್ತಿರ ಮೀಟರ್ ಹಿಡಿದರೆ ಟಕಟಕಟಕಟಕ...

ಅಂದರೆ ಸೋರಲು ಶುರುವಾಗಿ ಎಷ್ಟೋ ದಿನವಾಗಿತ್ತು, ಎರಡು ದಿನದ್ದಷ್ಟೇ ಹುಡುಕಿದ್ದರೆ ಆ ಕೋಟು ಮಗುವಿನ ಬಟ್ಟೆಗಳ ಜೊತೆ ಸೇರಿರುತ್ತಿತ್ತು.

ರಿಪೋರ್ಟ್ ಬರೆದವರು ಆಂಟಿಯೇ. "ಟೆಸ್ಟ್ ಎರಡು ದಿನ ತಡವಾಗಿದೆ, ಬದಲಿಗೆ ಯಾರನ್ನೂ ಕಳಿಸದೆ ಇದ್ದದ್ದು ನನ್ನ ತಪ್ಪು"... ಅದು ಮೊದಲನೇ ಸಾಲು. ನನ್ನ ಜಾಣತನದ ಸಾಲು ಆಮೇಲೆ ಬಂತು. ಡೈರೆಕ್ಟರಿಗೆ ನಾನೇ ಹೇಳಬೇಕು ಅಂತ ಹಟ ಹಿಡಿದು ಕರೆದುಕೊಂಡು ಹೋದರು, ನಾನು ಬಡಬಡಿಸುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದರು.

ನನ್ನ ಕೆಲಸ ಹೇಗೋ ಉಳಿಯಿತು. ಅಷ್ಟು ವರ್ಷ ಒಂದು ಕಪ್ಪುಚುಕ್ಕೆಯೂ ಇಲ್ಲದ ಆಂಟಿಯ ಫೈಲಿಗೆ ವಾರ್ನಿಂಗ್ ಲೆಟರ್ ಬಂತು. ಓದಿದರು, ಸಹಿ ಹಾಕಿದರು, ಮುಂದಿನ ಸೋರ್ಸ್ ಒರೆಸಲು ಹೊರಟರು. ನಾನು ರೆಸ್ಟ್‌ರೂಮಿಗೆ ಹೋಗಿ ಅತ್ತೆ.

ಬಚಾವಾಗುವ ಸುಳ್ಳು ಸ್ಕ್ರೀನ್ ಮೇಲೆ ತಾನಾಗಿಯೇ ಬಂದು ಕೂತಿದ್ದಾಗ, ಅದನ್ನು ಅಳಿಸು ಅಂದವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ? ನಾನು ನೋಡಿದ್ದು ಒಬ್ಬರನ್ನೇ.