ದೊಡ್ಡಪ್ಪನ ಕೈಗೆ ಸಿಕ್ಕ ಬಿರುಕು

ನಮ್ಮ ದೊಡ್ಡಪ್ಪನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯವರಿಗಷ್ಟೇ ಗೊತ್ತಿದ್ದ ಗುಟ್ಟು. ನಲವತ್ತು ವರ್ಷ ಹಿತ್ತಾಳೆ ಪಾತ್ರೆ ಬಡಿದು ಕಿವಿ ಕಳೆದುಕೊಂಡವರು, ಗಿರಾಕಿ ಏನೇ ಹೇಳಲಿ, ಗಂಭೀರವಾಗಿ ತಲೆಯಾಡಿಸಿ "ಆಯ್ತು, ಆಯ್ತು" ಅನ್ನುತ್ತಿದ್ದರು. ಬೆಸುಗೆ ಸರಿಯಿದೆಯೇ ಎಂದು ಅಂಗೈಯಲ್ಲೇ ತಿಳಿಯುತ್ತಿದ್ದರು. ತಟ್ಟಿ ಕೈಯಿಟ್ಟಾಗ ಜುಮುಜುಮು ಅಂದರೆ ಎಲ್ಲೋ ಬಿರುಕಿದೆ ಎಂದರ್ಥ. ಅವರ ಪಾತ್ರೆ ಒಂದೂ ವಾಪಸು ಬಂದದ್ದಿಲ್ಲ. ಆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಹೀಗಿರುವಾಗ ಡ್ರಮ್ ಬಾರಿಸುವವಳೊಬ್ಬಳು ಚಿತ್ರ ಬರೆದು ತಂದು, ಹಿತ್ತಾಳೆಯ ಸ್ನೇರ್ ಡ್ರಮ್, ಅಂದರೆ ಕೋಲಿನಿಂದ ಬಾರಿಸುವ ಚಪ್ಪಟೆ ಡೋಲು, ಬೇಕೆಂದಳು. ದೊಡ್ಡಪ್ಪ ತಗಡು ಕತ್ತರಿಸಿ, ಬಳೆಯ ಹಾಗೆ ಬಗ್ಗಿಸಿ ಬೆಸೆದು, ಹನ್ನೊಂದು ದಿನ ಸುತ್ತಲೂ ಸುತ್ತಿಗೆಯ ಗುಳಿ ಬೀಳಿಸಿದರು. ಅವಳು ಬಂದು ಮೇಲೆ ಕೆಳಗೆ ಚರ್ಮದಂಥ ತೆಳು ಹೊದಿಕೆ ಬಿಗಿದಳು. ಕೆಳಗಿನ ಹೊದಿಕೆಗೆ ತಾಗುವಂತೆ ಸುರುಳಿ ತಂತಿಗಳನ್ನು ಕಟ್ಟಿ, ಅವು ಯಾಕೆಂದು ವಿವರಿಸಿದಳಂತೆ. "ಆಯ್ತು, ಆಯ್ತು." ನಾನು ಅವತ್ತು ಅಂಗಡಿಯಲ್ಲಿರಲಿಲ್ಲ. ಹೊಳಪು ಕೊಟ್ಟಿಡಿ, ಶನಿವಾರ ಒಯ್ಯುತ್ತೇನೆ ಎಂದು ಚೀಟಿ ಬರೆದಿಟ್ಟು ಹೋಗಿದ್ದಳು.

ಹೊಳಪು ಕೊಡುವಾಗ ದೊಡ್ಡಪ್ಪ ತಟ್ಟಿ ನೋಡಿದರು. ಜುಮುಜುಮು! ಎಲ್ಲ ಬಿಚ್ಚಿ, ಬೆಸುಗೆ ಕರಗಿಸಿ ಹೊಸದಾಗಿ ಹಾಕಿದರು. ಬಿಚ್ಚಿದಾಗ ತೆಪ್ಪಗಿರುತ್ತದೆ, ಕಟ್ಟಿದರೆ ಮತ್ತೆ ಶುರು. ಮೂರು ಸಲ ಹೀಗೇ ಆಯಿತು. ನನ್ನನ್ನು ಕರೆದರು. ನಾನು ತಟ್ಟಿದೆ, ಜರ್ರ್ ಅಂತು. "ಬಿರುಕೇ!" ಎಂದು ಅವರ ಕಿವಿಯಲ್ಲಿ ಕಿರುಚಿದೆ, ಎಲ್ಲ ಬಲ್ಲವಳ ಹಾಗೆ. ದೀಪ ಹಿಡಿದು ಹುಡುಕಿದರೆ ಕೂದಲೆಳೆಯಷ್ಟೂ ಬಿರುಕಿಲ್ಲ. ಇಬ್ಬರೂ ಪೆಚ್ಚಾಗಿ ಕೂತೆವು.

"ಕಿವಿ ಹೋದಾಗ ಕೈ ಇದೆಯಲ್ಲ ಅಂದ್ಕೊಂಡಿದ್ದೆ ಕಣಮ್ಮ," ಅಂದರು ದೊಡ್ಡಪ್ಪ. "ಈಗ ಇದೂ ಹೋಯ್ತಾ?"

ನನಗೆ ಅಳು ಬಂತು.

ಶನಿವಾರ ಅವಳು ಬಂದಾಗ ದೊಡ್ಡಪ್ಪ ಡ್ರಮ್ಮಿಗೆ ಅಡ್ಡ ನಿಂತರು. "ತಗೋಬೇಡಮ್ಮ. ಎಲ್ಲೋ ಒಡೆದಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಅವಳು ಬಾರಿಸಿ ನೋಡಿ ನಕ್ಕುಬಿಟ್ಟಳು. "ಅದು ಜರ್ರ್ ಅನ್ಲೇಬೇಕು! ತಂತಿ ಕಟ್ಟೋದೇ ಅದಕ್ಕೆ. ಅವತ್ತೇ ಹೇಳಿದ್ನಲ್ಲಾ?"

ದೊಡ್ಡಪ್ಪ ಅವಳ ತುಟಿ ನೋಡಿದರು, ನನ್ನ ಮುಖ ನೋಡಿದರು. ಈ ಸಲ "ಆಯ್ತು" ಅನ್ನಲಿಲ್ಲ.

"ನಂಗೆ ಕೇಳಿಸಲ್ಲಮ್ಮ. ಅವತ್ತೂ ಕೇಳಿಸಿರ್ಲಿಲ್ಲ."

ಅವಳ ನಗು ನಿಂತಿತು. ಅವರ ಅಂಗೈ ಹಿಡಿದು ಹಿತ್ತಾಳೆಗೆ ಒತ್ತಿದಳು. ತಂತಿ ಹೊದಿಕೆಗೆ ತಾಗದಂತೆ ಸಡಿಲಿಸಿ ಬಾರಿಸಿದಳು, ಜರ್ರ್ ಅನ್ನಲಿಲ್ಲ. ಆಮೇಲೆ ಬಿಗಿಮಾಡಿ ಬಾರಿಸಿದಳು, ಜರ್ರ್ ಅಂತು. ದೊಡ್ಡಪ್ಪ ಬಿಸಿ ತಾಗಿದವರಂತೆ ಕೈ ಎಳೆದುಕೊಂಡರು. ಹಣೆ ಗಂಟಿಕ್ಕಿ ತಂತಿಯನ್ನೇ ನೋಡಿದರು. ಆಮೇಲೆ ತಾವಾಗಿಯೇ ಕೈಯಿಟ್ಟರು.

"ಒಡೆದಿರೋ ಹಾಗೇ ಅನ್ಸುತ್ತಲ್ಲಮ್ಮ," ಅಂದರು. "ಇನ್ನೊಂದ್ಸಲ ಬಾರಿಸು."