ಅಜ್ಜಂಪುರ ಸ್ಟೇಷನ್ನಿನಿಂದ ನಾನು ವಾಪಸು ಕಳಿಸಿದ ನಾವಿಕ

ಹೌದು, ಅವನನ್ನು ವಾಪಸು ಕಳಿಸಿದವನು ನಾನೇ.

ಬುಕ್ಕಾಂಬುಧಿಯ ಕೆಂಚಮ್ಮನ ಮಗ ಮಲ್ಲೇಶ ಎಪ್ಪತ್ತೊಂದರ ಯುದ್ಧದಲ್ಲಿ ಮುಳುಗಿದ ಒಂದು ಸಣ್ಣ ಗಸ್ತು ಹಡಗಿನಲ್ಲಿದ್ದ. ಅದೇ ಹಡಗಿನಲ್ಲಿ ಅವನ ಜೊತೆ ಉಂಡು ಮಲಗಿದ್ದವನು, ಬದುಕಿ ಉಳಿದ ಒಬ್ಬನೇ ಒಬ್ಬ, ಆ ತಾಯಿಯನ್ನು ಹುಡುಕಿಕೊಂಡು ಅಜ್ಜಂಪುರಕ್ಕೆ ಬಂದ. ಅವಳ ಮನೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಅವನಿಗೆ ಕಾಫಿ ಕುಡಿಸಿ, ಸುಳ್ಳು ಹೇಳಿ, ರೈಲು ಹತ್ತಿಸಿಬಿಟ್ಟೆ. ಎಂಟು ವರ್ಷ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಈಗ ಕೆಂಚಮ್ಮ ನನಗೆ ಬಾಗಿಲು ಮುಚ್ಚಿದ್ದಾಳೆ — ಆ ಮನುಷ್ಯನನ್ನು ಕರೆತರುವ ತನಕ.

ಇದನ್ನು ಅಚ್ಚಿಗೆ ಕೊಡಬೇಡಿ, ವಯಸ್ಸಾದ ಕಾಲಕ್ಕೆ ಮರ್ಯಾದೆ ಕಳೆದುಕೊಳ್ಳಬೇಡಿ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಮರ್ಯಾದೆ ನಾನು ದುಡಿದು ಗಳಿಸಿದ್ದು, ಅಪ್ಪ ಬಿಟ್ಟುಹೋದದ್ದಲ್ಲ. ಕಳೆಯುವ ಹಕ್ಕೂ ನನ್ನದೇ. ಓದಿ ಛೀ ಅನ್ನುವವರು ಅನ್ನಲಿ. ಅಯ್ಯೋ ಪಾಪ ಅನ್ನುವವರು ಮಾತ್ರ ದಯವಿಟ್ಟು ಪುಟ ಮಗುಚಿ ಮುಂದೆ ಹೋಗಿ.

ನಾನು ಕೊಬ್ಬರಿ ವ್ಯಾಪಾರಿ, ರುದ್ರಪ್ಪ. ತಲೆಯ ಮೇಲೆ ಕಾಯಿ ಮೂಟೆ ಹೊತ್ತು ಸಂತೆ ಸಂತೆ ತಿರುಗಿದವನು. ಕಡೂರು, ತರೀಕೆರೆ, ಅಜ್ಜಂಪುರ — ಈ ಮೂರೂ ಕಡೆ ಮಾತಿನಲ್ಲಿ ನನ್ನನ್ನು ಗೆದ್ದವರಿಲ್ಲ. ಬೊಂಬಾಯಿಗೆ ಉಂಡೆ ಕೊಬ್ಬರಿ ಕಳಿಸುವ ಮಟ್ಟಕ್ಕೆ ಬಂದೆ. ರುದ್ರಪ್ಪನನ್ನು ಯಾವ ಕೆಲಸಕ್ಕೆ ಕಳಿಸಿದರೂ ಬರಿಗೈಯಲ್ಲಿ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ನನ್ನನ್ನು ಕೆಡಿಸಿತು ಎಂದು ಬರೆಯಲು ಹೋಗಿದ್ದೆ. ಹೊಡೆದು ಹಾಕಿದೆ. ಕೆಟ್ಟ ಕೆಲಸ ಮಾಡಿದ್ದು ನಾನು, ನನ್ನ ಹೆಸರಲ್ಲ.

ವ್ಯಾಪಾರಕ್ಕೆ ಇಳಿದಾಗ ನನ್ನನ್ನು ನಂಬಿ ಮೊದಲು ಕಾಯಿ ಕೊಟ್ಟ ತೋಟ ಕೆಂಚಮ್ಮನದು. ಗಂಡ ಸತ್ತ ಮೇಲೆ ಒಬ್ಬಳೇ ತೋಟ ನೋಡಿಕೊಂಡು ಮಗನನ್ನು ಬೆಳೆಸಿದಳು. ಅವನು ಊರ ಕೆರೆಯಲ್ಲಿ ಈಜು ಕಲಿತು, ಸಮುದ್ರ ನೋಡುತ್ತೇನೆಂದು ಹೊರಟುಹೋದ. ಹಡಗು ಮುಳುಗಿತೆಂದು ತಂತಿ ಬಂತು. ದೇಹ ಬರಲಿಲ್ಲ.

ಅವರ ಮನೆಯಲ್ಲಿ ಪಿತೃಪಕ್ಷಕ್ಕೆ ಸತ್ತವರಿಗೆ ಎಡೆ ಇಕ್ಕುತ್ತಾರೆ. ಎಲೆ ಹಾಕಿ, ಅಡಿಗೆ ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಮರುವರ್ಷದ ಪಕ್ಷದ ದಿನ ಕಾಯಿ ನೋಡಲು ಹೋದ ನಾನು ಅವರ ಬಾಗಿಲಲ್ಲಿ ನಿಂತಿದ್ದೆ. ಮಗನ ಎಲೆಗೆ ಬಡಿಸಿ ಮುಗಿದಿತ್ತು. ಅವಳು ಕರೆಯದೆ ಸುಮ್ಮನೆ ಕೂತಿದ್ದಳು.

"ಇವನೊಬ್ನನ್ನೇ ಹೆಂಗ್ ಕರೀಲಿ ರುದ್ರಣ್ಣ? ಹದಿನಾಲ್ಕು ಜನ ಒಟ್ಗೇ ಉಣ್ತೀವಿ ಅಂತ ಕಾಗ್ದದಲ್ಲಿ ಬರೀತಿದ್ದ. ಒಟ್ಗೇ ಹೋದ್ರು. ಇವ್ನು ಇಲ್ಲಿ ಉಣ್ತಾ ಕೂತ್ರೆ ಮಿಕ್ಕೋರು ಬಾಯಿ ನೋಡ್ಕಂಡು ನಿಂತಿರ್ತಾರಲ್ವಾ?"

"ಎಲ್ರಿಗೂ ಎಲೆ ಹಾಕು ಮತ್ತೆ, ಕೆಂಚಕ್ಕ."

"ಹೆಸ್ರು ಗೊತ್ತಿಲ್ದೆ ಯಾರ್ನ ಅಂತ ಕರೀಲಿ? ನೀನು ಬೊಂಬಾಯಿಗೆ ಹೋಗಿ ಬರೋನು. ಅಲ್ಲಿ ಹಡಗಿನ ಆಫೀಸಲ್ಲಿ ಕೇಳ್ಕಂಡು ಬಾರಣ್ಣ."

ಅದೊಂದು ಕೆಲಸವೇ ಎಂದುಬಿಟ್ಟೆ.

ಬೊಂಬಾಯಿಯಲ್ಲಿ ಆ ಆಫೀಸಿಗೆ ಹೋದದ್ದು ನಿಜ. ಅರ್ಜಿ ಬರೆದುಕೊಡಿ, ಮೂರು ದಿನ ಬಿಟ್ಟು ಬನ್ನಿ ಎಂದರು. ಒರಟಾಗೇನೂ ಹೇಳಲಿಲ್ಲ. ಆದರೆ ಅತ್ತ ಕೊಬ್ಬರಿ ಕೊಳ್ಳುವವನು ಕಾಯುತ್ತಿದ್ದ, ಧಾರಣೆ ಇಳಿಯುವ ಸುದ್ದಿ ಇತ್ತು, ಅರ್ಜಿ ಇಂಗ್ಲಿಷಿನಲ್ಲಿ ಬೇಕಿತ್ತು... ನೋಡಿ, ನೆಪ ಹೇಗೆ ಸಾಲುಗಟ್ಟಿ ಬರುತ್ತದೆ. ಮೂರು ದಿನ ಕಾಯಬಹುದಿತ್ತು. ಕಾಯಲಿಲ್ಲ.

ಮಂಡಿಯಿಂದ ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಅಂಗಡಿಗಳ ಬೋರ್ಡುಗಳಿದ್ದವು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಒಬ್ಬ ಟೈಲರ್ ಪಾಟೀಲ. ಒಬ್ಬ ಹಲ್ಲಿನ ಡಾಕ್ಟರ್ ಡಿಸೋಜ. ಛತ್ರಿ ಅಂಗಡಿಯ ಮೆಹ್ತಾ. ಬೇಕರಿಯ ಇಸ್ಮಾಯಿಲ್. ಹೀಗೆ ಹದಿಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು ತಂದು ಕೊಟ್ಟೆ. ಅವಳು ಆ ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಅಂದಿನಿಂದ ಪ್ರತಿ ಪಕ್ಷಕ್ಕೂ ಅವಳ ಮನೆಯಲ್ಲಿ ಹದಿನಾಲ್ಕು ಎಲೆ. "ಬಾರಪ್ಪ ಡಿಸೋಜ, ಉಣ್ಣು. ಮೆಹ್ತಾ, ನೀನೂ ಬಾ ಮಗ." ಆ ಕಡೆಯವರು ಖಾರ ತಿನ್ನುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಸಾರಿಗೆ ಖಾರ ಕಮ್ಮಿ ಹಾಕುತ್ತಿದ್ದಳು. ಒಮ್ಮೆ, ಈ ಮೆಹ್ತಾಗೆ ಮದುವೆಯಾಗಿತ್ತೇ ಎಂದು ಕೇಳಿದಳು. ಆಗಿತ್ತು, ಇಬ್ಬರು ಮಕ್ಕಳು ಎಂದೆ. ಎಷ್ಟು ಸಲೀಸಾಗಿ ಬಂತು ಗೊತ್ತೇ, ಆ ಇಬ್ಬರು ಮಕ್ಕಳು!

ಇಲ್ಲೊಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ತರಲು ಕಳಿಸಿದ್ದು ಸಿಗದಿದ್ದರೆ ಸಿಗಲಿಲ್ಲ ಎನ್ನಿ. ಅದಕ್ಕೆ ಅರ್ಧ ನಿಮಿಷ ಸಾಕು. ನಾನು ಆ ಅರ್ಧ ನಿಮಿಷದ ಅವಮಾನ ತಪ್ಪಿಸಿಕೊಳ್ಳಲು ಹೋಗಿ ಮಾಡಿಕೊಂಡದ್ದನ್ನು ನೋಡಿ.

ಏಳೆಂಟು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಅಜ್ಜಂಪುರದ ನನ್ನ ಅಂಗಡಿಯ ಮುಂದೆ ಒಬ್ಬ ನಿಂತ. ಕಪ್ಪಗೆ, ನೆಟ್ಟಗೆ, ಕೈಯಲ್ಲಿ ಒಂದು ಚೀಲ. ಮಾತು ಕೇಳಿದರೆ ಕರಾವಳಿಯವನೆಂದು ಗೊತ್ತಾಗುತ್ತಿತ್ತು.

"ಬುಕ್ಕಾಂಬುಧಿ ಮಲ್ಲೇಶನ ಅಮ್ಮನ ಮನೆ ಎಲ್ಲಿ? ನಾನು ಅವನ ಹಡಗಿನವ. ಒಮ್ಮೆ ನೋಡ್ಕಂಡು ಹೋಗ್ವ ಅಂತ ಬಂದೆ."

ಹೆಸರು ಗಣಪತಿ ಎಂದ. ಊರು ಹೊನ್ನಾವರದ ಕಡೆ. ಹಡಗು ಹೊರಡುವ ಮುಂಚಿನ ವಾರ ಕಾಮಾಲೆಯಾಗಿ ಅವನನ್ನು ಆಸ್ಪತ್ರೆಗೆ ಇಳಿಸಿದ್ದರಂತೆ. ಹದಿಮೂರು ಜನ ಹೋದರು, ಹದಿನಾಲ್ಕನೆಯವನು ಹಾಸಿಗೆಯಲ್ಲಿ ಉಳಿದ. ಕೆಲಸ ಬಿಟ್ಟ ಮೇಲೆ ಒಬ್ಬೊಬ್ಬರ ಮನೆ ಹುಡುಕಿಕೊಂಡು ಹೋಗುತ್ತಿದ್ದಾನೆ. ಹೇಳುತ್ತಲೇ ಚೀಲದಿಂದ ಒಂದು ಹಾಳೆ ತೆಗೆದ. ಎಲ್ಲರ ಹೆಸರೂ ಇತ್ತು. ಅದರಲ್ಲಿ ಡಿಸೋಜ ಇಲ್ಲ, ಮೆಹ್ತಾ ಇಲ್ಲ.

ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಇವನು ಬದುಕಿದ್ದಾನೆ, ಅಲ್ಲಿ ಇವನಿಗೂ ವರ್ಷ ವರ್ಷ ಎಲೆ ಬೀಳುತ್ತಿದೆ. ಅವಳ ಮನೆಗೆ ಕಾಲಿಟ್ಟ ಗಳಿಗೆಯಲ್ಲೇ ನನ್ನ ಬಂಡವಾಳ ಬಯಲಾಗುತ್ತದೆ. ಅವಳು ತನ್ನ ಮಗನನ್ನು ಕಣ್ಣಾರೆ ಕಂಡವನ ಕೈ ಹಿಡಿಯುತ್ತಾಳೆ ಎಂಬುದು... ಅದು ಹೊಳೆಯಲೇ ಇಲ್ಲ.

ಆಗ ಹೇಳಿದೆ. ತುಂಬ ಮೆತ್ತಗೆ, ಅವಳ ಹಿತ ಬಯಸುವವನ ದನಿಯಲ್ಲಿ.

"ಆಯಮ್ಮಂಗೆ ತಲೆ ನೆಟ್ಟಗಿಲ್ಲ ಕಣಪ್ಪಾ. ಮಗನ ಹೆಸ್ರು ಎತ್ತಿದ್ರೆ ಬಿದ್ಬಿಡ್ತಾಳೆ. ನೀನು ಹೋಗ್ದಿದ್ರೇನೇ ಒಳ್ಳೇದು."

ಅವನು ಹಾಳೆಯನ್ನು ಮಡಿಚಿದ. ಆಮೇಲೆ, ಸ್ವಲ್ಪ ಸುಧಾರಿಸಿದಾಗ ಅಮ್ಮನಿಗೆ ಕೊಡಿ ಎಂದು ಹಾಳೆಯನ್ನು ನನ್ನ ಕೈಗಿಟ್ಟ. ನಾನೇ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಬೀರೂರಿಗೆ ಟಿಕೆಟ್ ಮಾಡಿಸಿ, ಅಲ್ಲಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೇಗೆ ಹೋಗಬೇಕು, ಮುಂದೆ ಯಾವ ಬಸ್ಸು, ಎಲ್ಲ ಬಿಡಿಸಿ ಹೇಳಿದೆ. ಪ್ಲಾಟ್‌ಫಾರಂ ಮೇಲೆ ಅವನು ಮಲ್ಲೇಶನ ವಿಷಯ ಮಾತಾಡುತ್ತಿದ್ದ. ತನ್ನನ್ನು ಆಸ್ಪತ್ರೆಗೆ ಇಳಿಸುವಾಗ ಮಲ್ಲೇಶ ಒಂದು ಮಾತು ಹೇಳಿದ್ದ ಎಂದು ಶುರು ಮಾಡಿದ. ನಾನು ಸಿಗ್ನಲ್ ಬಿತ್ತೇ ಇಲ್ಲವೇ ಎಂದು ನೋಡುತ್ತಿದ್ದೆ.

ಹಾಳೆ ನನ್ನ ಕಬ್ಬಿಣದ ಪೆಟ್ಟಿಗೆಯ ತಳ ಸೇರಿತು. ಕೆಂಚಮ್ಮ ಸುಳ್ಳು ಹೆಸರುಗಳನ್ನೇ ಕರೆಯುತ್ತ ಹೋದಳು.

ಹಾಗಾದರೆ ಈಗ ಯಾಕೆ ಬಾಯಿ ಬಿಟ್ಟೆ? ಮನಸ್ಸು ಕರಗಿ ಅಲ್ಲ. ಕೆಂಚಮ್ಮನ ತಂಗಿಯ ಮೊಮ್ಮಗಳು ಮಂಜುಳಾ, ಕಡೂರಿನಲ್ಲಿ ಕಾಲೇಜು ಓದುವ ಹುಡುಗಿ, ಅವಳ ಜೊತೆಯಲ್ಲೇ ಇದ್ದಾಳೆ. ತಾನು ಹೋದ ಮೇಲೂ ಆ ಹುಡುಗರಿಗೆ ಎಡೆ ನಿಲ್ಲಬಾರದೆಂದು ಕೆಂಚಮ್ಮ ಅವಳಿಗೆ ಹದಿಮೂರು ಹೆಸರೂ ಬಾಯಿಪಾಠ ಮಾಡಿಸಿದ್ದಳು. ಕಳೆದ ವರ್ಷ ಹುಡುಗಿ ಅಂಗಡಿಗೆ ಬಂದು, "ಸಾವ್ಕಾರಜ್ಜ, ಇವ್ರೆಲ್ಲ ಯಾವ್ ಯಾವ್ ಊರೋರು? ಮನೆಗಳಿಗೆ ಕಾಗ್ದ ಬರೀತೀನಿ. ನೀವು ಹೇಳ್ದಿದ್ರೆ ಆಫೀಸಿಗೇ ಬರ್ದು ತರಿಸ್ತೀನಿ" ಎಂದಳು. ಇನ್ನು ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಬೇರೆಯವರ ಬಾಯಲ್ಲಿ ಹೊರಬರುವ ಮುಂಚೆ ನಾನೇ ಹೇಳುವುದು ಮೇಲು ಎಂದು ಲೆಕ್ಕ ಹಾಕಿದೆ. ಅಷ್ಟೇ. ಇದಕ್ಕೆ ಪಶ್ಚಾತ್ತಾಪ ಎಂದು ಹೆಸರಿಟ್ಟು ಇನ್ನೊಂದು ಸುಳ್ಳು ಹೇಳಲಾರೆ.

ಹಾಳೆ ತೆಗೆದುಕೊಂಡು ಹೋದೆ. ಕೆಂಚಮ್ಮ ಜಗುಲಿಯ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಬೋರ್ಡುಗಳು, ಗಣಪತಿ, ರೈಲು. ಮೊರ ಕೆಳಗಿಟ್ಟಳು.

"ನಂಗೆ ತಲೆ ನೆಟ್ಟಗಿಲ್ಲ ಅಂದ್ಯಾ?"

"ಅಂದೆ."

"ಲೇ ರುದ್ರ." ಮೂವತ್ತು ವರ್ಷದಲ್ಲಿ ಅವಳು ಅಣ್ಣ ಎನ್ನದೆ ನನ್ನನ್ನು ಕರೆದದ್ದು ಅದೇ ಮೊದಲು. "ಅವ್ನು ನನ್ ಮಗನ್ ಬಗ್ಗೆ ಏನಂದ? ಅದನ್ನಾದ್ರೂ ಹೇಳು."

ಮಲ್ಲೇಶ ಒಂದು ಮಾತು ಹೇಳಿದ್ದನಂತೆ, ಎಂದೆ.

"ಏನ್ ಮಾತು?"

ನಾನು ಸಿಗ್ನಲ್ ನೋಡುತ್ತಿದ್ದೆ ಎಂದು ಹೇಳಬೇಕಾಯಿತು. ಎಂಥೆಂಥ ವ್ಯಾಪಾರದಲ್ಲೂ ಮಾತಿಗೆ ತಡವರಿಸಿದವನಲ್ಲ ನಾನು. ಆ ಒಂದು ವಾಕ್ಯ ಬಾಯಿಂದ ಹೊರಡಲು...

ಅವಳು ಅಳಲಿಲ್ಲ. ಹಾಳೆಯನ್ನು ಮಂಜುಳಾಳ ಕೈಗೆ ಕೊಟ್ಟು ಓದಿಸಿದಳು. ಒಂದೊಂದು ಹೆಸರಿಗೂ ತುಟಿ ಆಡಿಸುತ್ತಿದ್ದಳು. ಮುಗಿದ ಮೇಲೆ ಹೇಳಿದಳು:

"ಇವ್ರೆಲ್ಲ ಇಷ್ಟು ವರ್ಷ ಹಸ್ಕಂಡಿದ್ರಲ್ಲ. ಇನ್ಮೇಲೆ ಇವ್ರಿಗೆ ನಾನು ಇಕ್ತೀನಿ. ಆ ಡಿಸೋಜ, ಮೆಹ್ತಾ — ಅವ್ರೂ ಕರ್ದಾಗ್ಲೆಲ್ಲ ಬಂದು ಉಂಡು ಹೋದೋರು. ಈಗ ಬರ್ಬೇಡಿ ಅಂತ ಯಾವ್ ಬಾಯಲ್ಲಿ ಅನ್ಲಿ? ಅವ್ರನ್ನ ಹುಟ್ಸಿದೋನು ನೀನು, ನಿನ್ ಮನೇಲಿ ನೀನೇ ಇಕ್ಕು. ಆ ಗಣಪತಿನ ಕರ್ಕಂಡು ಬಾ. ಅಲ್ಲೀಗಂಟ ಈ ಹೊಸ್ಲು ತುಳೀಬೇಡ."

ನಮ್ಮದು ಎಡೆ ಇಕ್ಕುವ ಮನೆತನವಲ್ಲ. ಆದರೂ ಈ ಸಲ ಪಕ್ಷಕ್ಕೆ ಹದಿಮೂರು ಎಲೆ ಹಾಕಿದೆ. ಹೆಂಡತಿ ಬಡಿಸುತ್ತ, "ಯಾರ್ರೀ ಈ ಹಲ್ಲಿನ ಡಾಕ್ಟ್ರು, ನಿಮ್ಮಮ್ಮನ ಕಡೆ ನೆಂಟ್ರಾ?" ಎಂದು ಕುಟುಕಿದಳು. ಬೊಂಬಾಯಿಯ ಆ ಡಾಕ್ಟರ್ ಇನ್ನೂ ಯಾರದೋ ಹಲ್ಲು ಕೀಳುತ್ತಿರಬಹುದು, ಅವನ ಹೆಸರು ಹಿಡಿದು ನಾನಿಲ್ಲಿ ಸತ್ತವರ ಊಟಕ್ಕೆ ಕರೆದೆ. ನಗಬೇಕೆನಿಸಿದರೆ ನಗಿ. ಕರೆಯುವಾಗ ನನಗೆ ನಗು ಬರಲಿಲ್ಲ.

ಮಂಜುಳಾ ಆಫೀಸಿಗೆ ಬರೆದಳು. ಹಾಳೆಯ ಹೆಸರುಗಳು ಸರಿಯೆಂದು ಉತ್ತರ ಬಂತು, ಕೆಲಸ ಬಿಟ್ಟವರ ವಿಳಾಸ ಕೊಡುವುದಿಲ್ಲವೆಂದೂ ಬಂತು. ನಾನು ಎರಡು ಸಲ ಹೊನ್ನಾವರ, ಕುಮಟಾ, ಭಟ್ಕಳ ಸುತ್ತಿದೆ. ಮೀನು ಇಳಿಸುವ ಜಾಗಗಳಲ್ಲೆಲ್ಲ ವಿಚಾರಿಸಿದೆ. ಆ ಕಡೆ ಗಣಪತಿ ಎನ್ನುವ ಹೆಸರಿನವರು ಎಷ್ಟು ಜನ! ಅಂಗಡಿಗೆ ಬಂದ ಯಾರನ್ನೂ ಪೂರ್ತಿ ವಿಳಾಸ ಕೇಳದೆ ಕಳಿಸಿದವನಲ್ಲ ನಾನು. ಅವನೊಬ್ಬನನ್ನು ಕೇಳಲಿಲ್ಲ, ಬೇಕೆಂದೇ ಕೇಳಲಿಲ್ಲ. ಕೆಂಚಮ್ಮನಿಗೆ ಈಗ ಎಪ್ಪತ್ತು ದಾಟಿದೆ.

ಗಣಪತೀ, ಇದು ನಿನ್ನ ಕೈಗೆ ಬಿದ್ದರೆ, ಇಲ್ಲವೇ ಓದಿದ ಯಾರಾದರೂ ನಿನಗೆ ತಲುಪಿಸಿದರೆ — ನಾನು ಅಂದು ಹೇಳಿದ್ದು ಸುಳ್ಳು. ಆಯಮ್ಮನ ತಲೆ ಯಾವತ್ತೂ ನೆಟ್ಟಗೇ ಇತ್ತು. ನನ್ನ ಅಂಗಡಿಗೆ ಬರಬೇಡ, ನನ್ನ ಮುಖ ನೋಡುವ ಅಗತ್ಯವಿಲ್ಲ. ಅಜ್ಜಂಪುರದಲ್ಲಿ ಇಳಿದು ಬುಕ್ಕಾಂಬುಧಿ ಬಸ್ಸು ಹತ್ತು, ಕೆರೆ ಏರಿಯ ಹತ್ತಿರ ಇಳಿ, ಕೆಂಚಮ್ಮನ ತೋಟ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ನಾನು ಕರೆತಂದೆ ಎಂದು ಹೇಳಬೇಡ, ಆ ಬಾಗಿಲು ನನಗೆ ತೆರೆಯುವುದೂ ಬೇಡ. ಮಲ್ಲೇಶ ಹೇಳಿದ ಮಾತನ್ನು ಅವಳಿಗೆ ಹೇಳು. ನನಗೆ ಹೇಳಬೇಡ.