ಫೋಟೋದಲ್ಲಿ ಇಬ್ಬರೂ ಕಪ್ಪು

ನಮ್ಮ ವಾರಗಿತ್ತಿಯ ಬಾಯಲ್ಲಿ ಸದಾ ಒಂದು ಪಿನ್ನು ಇರುತ್ತಿತ್ತು. ಅದನ್ನು ತುಟಿಯ ತುದಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಕಚ್ಚಿಕೊಂಡೇ ನಗುತ್ತಿದ್ದಳು. ಅಷ್ಟರಲ್ಲಿ ಎದುರಿಗಿದ್ದವರ ಸೆರಗನ್ನೋ ಮಕ್ಕಳ ಲಂಗವನ್ನೋ ಎರಡು ಬೆರಳಲ್ಲಿ ಕೂಡಿಸಿ ಚುಚ್ಚಿ ಮುಗಿಸಿರುತ್ತಿದ್ದಳು. ಅವಳು ಹಿಡಿದ ನೆರಿಗೆ ಸಂಜೆಯವರೆಗೂ ಕದಲುತ್ತಿರಲಿಲ್ಲ. ನನ್ನದು ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲೇ ಕೆದರಿಹೋಗುತ್ತಿತ್ತು. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ಎದುರಿಗೆ ‘ಅಕ್ಕ, ನೀವು’ ಎನ್ನುತ್ತಿದ್ದೆ. ಮನಸ್ಸಿನೊಳಗೆ ಯಾವತ್ತೂ ‘ಅವಳು’. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಜಂಗಮಕೋಟೆಯಿಂದ ಚಿಕ್ಕಬಳ್ಳಾಪುರದ ಆ ಮನೆಗೆ ನಾನು ಎರಡನೇ ಸೊಸೆಯಾಗಿ ಬಂದೆ. ಮಾವನವರು ಹೆಡ್‌ಮಾಸ್ಟರು. ಮನೆಯಲ್ಲಿ ಯಾರು ಏನು ಉಡಬೇಕೆಂದರೂ ಅವಳನ್ನೇ ಕೇಳಬೇಕು. ಮಾವನವರ ಪೇಟ, ಅತ್ತೆಯ ರವಿಕೆ ಹಾಗಿರಲಿ, ನನ್ನ ಗಂಡ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಎರಡು ಷರ್ಟು ಹಿಡಿದು, ನನ್ನನ್ನು ದಾಟಿಕೊಂಡು ಹೋಗಿ, “ಅತ್ತಿಗೆ, ಇದಾ ಅದಾ?” ಎಂದು ಅವಳನ್ನು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ದಿನ ಅವರ ಊಟದ ಡಬ್ಬಿಗೆ ಉಪ್ಪಿನಕಾಯಿ ಹಾಕುತ್ತಿರಲಿಲ್ಲ.

ಮದುವೆಯಾದ ನಾಲ್ಕನೇ ತಿಂಗಳು ಮಾವನವರು ರಿಟೈರಾದರು. ಮನೆಮಂದಿಯೆಲ್ಲ ಸೇರಿ ಒಂದು ಫೋಟೋ ತೆಗೆಸಬೇಕೆಂದಾಯಿತು. ಆಗೆಲ್ಲ ಕಪ್ಪು-ಬಿಳುಪಿನ ಫೋಟೋಗಳೇ. ಹಿಂದಿನ ದಿನ ಅವಳು ಎಲ್ಲರ ಬಟ್ಟೆಯನ್ನೂ ನಡುಮನೆಯ ಚಾಪೆಯ ಮೇಲೆ, ನಾವು ನಿಲ್ಲುವ ಸಾಲಿನಂತೆಯೇ ಹರಡಿ, ಕಣ್ಣು ಅರ್ಧ ಮುಚ್ಚಿ ನೋಡುತ್ತಾ ಬಂದಳು. ನನ್ನ ಕುಂಕುಮಗೆಂಪು ರೇಷ್ಮೆಯ ಹತ್ತಿರ ನಿಂತಳು. ನಮ್ಮಪ್ಪ ಹುಳು ಸಾಕಿ, ಗೂಡು ಮಾರಿ ಕೊಡಿಸಿದ ಸೀರೆ ಅದು. ಆ ಮನೆಯಲ್ಲಿ ನಾನು ಮೆರೆಯುವುದಕ್ಕೆ ಇದ್ದದ್ದು ಅದೊಂದೇ.

“ಇದು ಬೇಡ ಕಣಮ್ಮ,” ಎಂದಳು ಪಿನ್ನು ಕಚ್ಚಿಕೊಂಡೇ. “ಫೋಟೋದಲ್ಲಿ ಕೆಂಪು ಕಪ್ಪಗೆ ಬೀಳತ್ತೆ. ಬಣ್ಣ ಮರೆತುಬಿಡು, ತಿಳಿಯಾ ಗಾಢವಾ ಅಷ್ಟೇ ನೋಡು. ನನ್ನ ತಿಳಿಹಸಿರು ಇದೆಯಲ್ಲ, ಅದನ್ನ ನೀನು ಉಟ್ಕೋ. ನಾನು ಬೇರೆ ಏನಾದ್ರೂ ನೋಡ್ಕೋತೀನಿ.”

“ಕೆಂಪು ಎಲ್ಲಾದ್ರೂ ಕಪ್ಪಾಗತ್ತಾ ಅಕ್ಕ? ನಾನು ನಮ್ಮಪ್ಪ ಕೊಡಿಸಿದ್ದನ್ನೇ ಉಡ್ತೀನಿ,” ಎಂದೆ. ನನ್ನ ತವರಿನ ಸೀರೆ ಕಂಡು ಇವಳಿಗೆ ಹೊಟ್ಟೆ ಉರಿಯುತ್ತಿದೆ ಎಂದು ಒಳಗೊಳಗೇ ಖುಷಿಯಾಯಿತು. ಅವಳು ಪಕ್ಕದ ಷರ್ಟಿನ ಕಡೆ ಸರಿದಳು.

ಮಾರನೆಯ ದಿನ ಫೋಟೋದವರು ಅಂಗಳದಲ್ಲಿ ಜಮಖಾನ ಇಳಿಬಿಟ್ಟು, ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿದರು. ಅವಳು ತಿಳಿಹಸಿರು ಉಟ್ಟು ಬಂದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ನನಗೆ ಅಳುವೇ ಬಂತು. ನಾನು ಹೋಗಿ ಗಂಡನ ಪಕ್ಕ ನಿಂತೆ. ಸಾಲಿನಲ್ಲೆಲ್ಲ ಬಿಳಿ, ಗಂಧ, ಬೆಣ್ಣೆಯ ಬಣ್ಣ, ನಾನೊಬ್ಬಳೇ ಕೆಂಪು. ಅವಳು ಕಣ್ಣು ಅರ್ಧ ಮುಚ್ಚಿ ನಮ್ಮನ್ನೊಮ್ಮೆ ನೋಡಿ, “ಒಂದ್ನಿಮಿಷ, ಬಂದೆ,” ಎಂದು ಒಳಗೆ ಓಡಿದಳು.

“ಬಿಸಿಲು ಹೊರಟೋಗತ್ತೆ, ಬೇಗ ಬನ್ನಿ ತಾಯಿ,” ಎಂದು ಫೋಟೋದವರು ಗೊಣಗಿದರು.

ಹೊರಗೆ ಬಂದಾಗ ಅವಳ ಮೈಮೇಲೆ ಕಡುನೀಲಿಯ ಹಳೇ ಸೀರೆ. ನನ್ನನ್ನು ಗಂಡನ ಪಕ್ಕದಿಂದ ಎಳೆದು ಸಾಲಿನ ಈ ತುದಿಗೆ ನಿಲ್ಲಿಸಿದಳು, ತಾನು ಆ ತುದಿಗೆ ಹೋಗಿ ನಿಂತಳು. ಗಾಢ ಬಣ್ಣದಲ್ಲೂ ನನಗೆ ಪೈಪೋಟಿಗೆ ಬಂದಳಲ್ಲ ಎಂದುಕೊಂಡೆ. ಫೋಟೋದಲ್ಲಿ ನನ್ನ ಮುಖ ಗಂಟಿಕ್ಕಿಕೊಂಡಿರುವುದು ಅದಕ್ಕೇ.

ವಾರದ ಮೇಲೆ ಫೋಟೋ ಬಂತು. ನನ್ನ ಕೆಂಪು ಇದ್ದಿಲಿನಂತೆ ಬಿದ್ದಿತ್ತು. ಮನೆಗೆ ಬಂದ ಹೊಸ ಸೊಸೆ ಕರಿಸೀರೆ ಉಟ್ಟು ನಿಂತ ಹಾಗೆ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಪರವಾಗಿಲ್ವೇ! ಸೊಸೇರಿಬ್ರೂ ಆ ಕಡೆ ಈ ಕಡೆ ಸೀರೆಗೆ ಅಂಚು ಇಟ್ಟಂಗಿದ್ದಾರೆ. ಬಾಗುಂದಿ, ಬಾಗುಂದಿ,” ಎಂದರು. ಸಂತೋಷವಾದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

‘ನಾನು ಹೇಳಿರಲಿಲ್ಲವಾ’ ಎಂದು ಅವಳು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಏಳೆಂಟು ವರ್ಷ ಕಳೆದ ಮೇಲೆ, ನನ್ನ ಮಗಳಿಗೆ ಲಂಗ ಆರಿಸುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. “ಅವತ್ತು ಸೀರೆ ಯಾಕಕ್ಕ ಬದಲಾಯಿಸಿದ್ರಿ?”

ಅವಳು ಎದ್ದುಹೋಗಿ ಟ್ರಂಕಿನ ತಳದಿಂದ ತನ್ನ ಮದುವೆಯ ಫೋಟೋ ತಂದಳು. ಧಾರೆಯ ಕೆಂಪು ಸೀರೆ ಕಪ್ಪಾಗಿ, ಮದುಮಗಳು ಯಾರದೋ ಸಾವಿಗೆ ಹೊರಟವಳಂತೆ ಕಾಣುತ್ತಿದ್ದಳು.

“ಬಂದೋರೆಲ್ಲ ಇದನ್ನ ನೋಡಿ ಅಪಶಕುನ ಅಂದ್ರು. ಅತ್ತೆ ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಒಬ್ಬಳೇ ಕಪ್ಪಗಿದ್ರೆ ಆಡ್ಕೋತಾರೆ ಕಣೇ, ಇಬ್ಬರಿದ್ರೆ ಜೋಡಿ ಅಂತಾರೆ,” ಎಂದು ಮತ್ತೆ ಪಿನ್ನು ಬಾಯಿಗಿಟ್ಟಳು.

ಅವಳ ಕಾಲಿಗೆ ಬೀಳಬೇಕೆನಿಸಿದ್ದು ನಿಜ. ಅದರ ಜೊತೆಗೇ ಹೊಟ್ಟೆಕಿಚ್ಚಾದದ್ದೂ ನಿಜ. ಸೀರೆಯಲ್ಲಿ, ನೆರಿಗೆಯಲ್ಲಿ ಸೋತದ್ದು ಸಾಲದೆಂದು ಒಳ್ಳೆಯತನದಲ್ಲೂ ಅವಳೇ ಮುಂದಾಗಿದ್ದಳು. ತಿರುಗಿ ಏನು ಮಾಡಿ ಸರಿಗಟ್ಟಲಿ ಎಂದು ನಾನು ಯೋಚಿಸುತ್ತಲೇ ಇದ್ದೆ.

ಅರವತ್ತರ ದಶಕ ಮುಗಿಯುವ ಮೊದಲೇ ಅವಳು ಕಾಮಾಲೆಯಾಗಿ ಹದಿನೈದು ದಿನ ಮಲಗಿ ಹೋಗಿಬಿಟ್ಟಳು. ಮುತ್ತೈದೆ, ಹಸಿರು ಉಡಿಸಬೇಕು. ಯಾವ ಸೀರೆ ಎಂದು ಎಲ್ಲರೂ ಅಭ್ಯಾಸಬಲದಿಂದ ಅವಳ ಕಡೆಗೇ ನೋಡಿದರು. ಆಮೇಲೆ ನನ್ನ ಗಂಡ ನನ್ನತ್ತ ತಿರುಗಿ, “ಯಾವುದೇ?” ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕೇಳಬೇಕೆಂದು ನಾನು ಕಾದಿದ್ದ ಮಾತು ಅದು.

ಟ್ರಂಕಿನಿಂದ ಆ ತಿಳಿಹಸಿರು ರೇಷ್ಮೆ ತೆಗೆದೆ. ಪಿನ್ನು ಕಚ್ಚಿಕೊಂಡು ಅವಳ ಪಕ್ಕ ಕೂತು ನೆರಿಗೆ ಹಿಡಿದೆ. ಮೂರು ಸಲ ಹಿಡಿದರೂ ಕೂರಲಿಲ್ಲ. ನಾಲ್ಕನೇ ಸಲ ಬಾಯಿತಪ್ಪಿ, “ಅಕ್ಕ, ಇದೊಂಚೂರು ಹಿಡ್ಕೊಳ್ಳಿ,” ಎಂದುಬಿಟ್ಟೆ.